ಹರಿಗೋಲಿಗೆ ಕೋಡಿನ ವಾರ್ನಿಶು

ಯಾರಿಗಾದರೂ ಚಿತ್ರ ಬರೆಯುವ ಚಟ ಅಂಟಿಕೊಂಡರೆ ಅವರಿಗೆ ನನ್ನದೊಂದು ಪುಕ್ಕಟೆ ಸಲಹೆ ಇದೆ: ಬೇಕಾದ್ದು ಬರೆಯಿರಿ, ಹರಿಗೋಲು ಮಾತ್ರ ಬರೆಯಬೇಡಿ. ಆನೆ ಬರೆಯಬಹುದು, ಸೊಂಡಿಲು ಎಳೆದರೆ ಮುಗಿಯಿತು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಎತ್ತಿಗೆ ಕೋಡು, ಒಂಟೆಗೆ ಡುಬ್ಬ, ಸಾಹೇಬನಿಗೆ ಟೊಪ್ಪಿಗೆ. ಹೀಗೆ ಎಲ್ಲದಕ್ಕೂ ಗುರುತಿಗೆ ಅಂತ ಒಂದೊಂದು ಇರುತ್ತದೆ. ಹರಿಗೋಲಿಗೆ ಹಿಂದಿಲ್ಲ ಮುಂದಿಲ್ಲ, ಮೂತಿಯಿಲ್ಲ ಬಾಲವಿಲ್ಲ. ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ದುಂಡನೆಯ ದೊಡ್ಡ ಬುಟ್ಟಿ ಅದು. ಮೇಲಿನಿಂದ ನೋಡಿದಂತೆ ಬರೆದರೆ ರೊಟ್ಟಿಯಾಗುತ್ತದೆ, ಪಕ್ಕದಿಂದ ನೋಡಿದಂತೆ ಬರೆದರೆ ಬಾಣಲೆ, ಸ್ವಲ್ಪ ಓರೆಯಾಗಿ ಬರೆದರೆ ಒಡೆದ ಮಡಕೆ. ನಾನು ಒಂದು ಮಳೆಗಾಲವೆಲ್ಲ ಕೂತು ಅದನ್ನು ಬರೆದವನು. ಇದ್ದಲಿಯಲ್ಲಿ ಬರೆದೆ, ಹುರಮಂಜಿಯಲ್ಲಿ ಬರೆದೆ, ನೀಲಿಯಲ್ಲಿ ಬರೆದೆ, ಕೊನೆಗೆ ಎತ್ತಿನ ಕೋಡಿಗೆ ಬಳಿಯುವ ವಾರ್ನಿಶಿನಲ್ಲಿ ಬರೆದೆ. ಆದ್ದರಿಂದ ಈ ಒಂದು ವಿಷಯದಲ್ಲಿ ನನ್ನ ಮಾತು ನಂಬಬಹುದು. ಬೇರೆ ವಿಷಯಗಳಲ್ಲಿ ನಂಬುವ ಮೊದಲು ನಾಲ್ಕು ಜನರನ್ನು ಕೇಳಿ, ಯಾಕೆಂದರೆ ನಾನು ದನದ ದಲಾಲ.

ನಮ್ಮ ದಂಧೆಯ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಆಳಂದ, ಅಫಜಲಪುರ, ಜೇವರ್ಗಿ, ಈ ಕಡೆಯ ದನದ ಸಂತೆಗಳಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ಪದ್ಧತಿ ಆಗ ಇರಲಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವಲು. ಟವಲಿನ ಒಳಗೆ ಬೆರಳುಗಳು ಬೆಲೆ ಮಾತಾಡಬೇಕು, ಹೊರಗೆ ಮುಖಗಳು ಮಳೆಯ ಬಗ್ಗೆ ಮಾತಾಡಬೇಕು. ಬೆರಳು ಹಿಡಿದು ಒತ್ತಿದರೆ ಅದು ಬೆಲೆ. ಅಂಗೈ ಮಗುಚಿ ಕೆಳಮುಖ ಮಾಡಿದರೆ ‘ಈ ಮಾತು ಆಗಲಿಲ್ಲ, ಬೇರೆ ಹೇಳು’ ಅಂತ. ಇಡೀ ಕೈಯನ್ನೇ ಎದುರಿನವನ ಕೈಯೊಳಗೆ ಕೊಟ್ಟುಬಿಟ್ಟರೆ ಸೌದಾ ಮುಗಿಯಿತು, ಇನ್ನು ಹಿಂದೆ ಸರಿಯುವಂತಿಲ್ಲ. ನಾನು ಈ ದಂಧೆಗೆ ಬಂದದ್ದು ಜೇವರ್ಗಿ ಸಂತೆಯಲ್ಲಿ ಮಂದಿಯ ಎತ್ತಿನ ಹಗ್ಗ ಹಿಡಿದು ನಿಲ್ಲುವ ಕೆಲಸದಿಂದ. ಹಗ್ಗ ಹಿಡಿದವನಿಗೆ ಟವಲಿನ ಒಳಗಿನದು ಕಾಣುವುದಿಲ್ಲ, ಆದರೆ ಮೊಣಕೈಗಳು ಕಾಣುತ್ತವೆ. ಮೊಣಕೈ ನೋಡಿ ನೋಡಿಯೇ ವಿದ್ಯೆ ಕಲಿತೆ. ಮುಂದೆ ನಾನೇ ಟವಲು ಹಾಕುವವನಾದೆ, ಆಳಂದದಲ್ಲಿ ಕಲ್ಲಿನ ಮನೆ ಕಟ್ಟಿದೆ. ಎದುರಿನವನ ಹೆಬ್ಬೆರಳಿನ ಬೆವರು ಮುಟ್ಟಿಯೇ ಅವನ ಹೆಂಡತಿ ಎಷ್ಟಕ್ಕೆ ಒಪ್ಪಿ ಕಳಿಸಿದ್ದಾಳೆ ಅಂತ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಇಲ್ಲೇ ಇನ್ನೊಂದು ಸಲಹೆ. ಎತ್ತು ಕೊಳ್ಳಲು ಹೋದಾಗ ಅದರ ಕೋಡು ಮಿಂಚುತ್ತಿದ್ದರೆ ಬಂದ ದಾರಿ ಹಿಡಿಯಿರಿ. ಕೋಡಿಗೆ ತಾನಾಗಿ ಮಿಂಚುವ ಗುಣ ಇಲ್ಲ. ಎತ್ತಿಗೆ ವಯಸ್ಸಾದಂತೆ ಕೋಡಿನ ಬುಡದಲ್ಲಿ ಸುತ್ತು ಬೀಳುತ್ತವೆ. ಆ ಸುತ್ತುಗಳನ್ನು ಒಡೆದ ಗಾಜಿನಿಂದ ಕೆರೆದು, ಮೇಲೆ ವಾರ್ನಿಶು ಬಳಿದರೆ ಮುದಿ ಎತ್ತು ಹರೆಯದ್ದಾಗುತ್ತದೆ. ವಾರ್ನಿಶು ಎಷ್ಟು ಹೊಳೆಯುತ್ತದೋ ಅಷ್ಟು ವಯಸ್ಸು ಒಳಗಿದೆ ಅಂತ ತಿಳಿಯಿರಿ. ನನ್ನ ಮನೆಯಲ್ಲಿ ಸದಾ ಒಂದು ಡಬ್ಬಿ ವಾರ್ನಿಶು ಯಾಕೆ ಇರುತ್ತಿತ್ತು ಅಂತ ನೀವು ಕೇಳಬಾರದು.

ನಮ್ಮಣ್ಣ ಸಿದರಾಮನಿಗೆ ಈ ದಂಧೆ ಕಂಡರೆ ಆಗುತ್ತಿರಲಿಲ್ಲ. ಅವನು ಘತ್ತರಗಿಯ ಹತ್ತಿರ ಭೀಮಾ ಹೊಳೆಯಲ್ಲಿ ಹರಿಗೋಲು ಹಾಕುವವನು. ನಮ್ಮಪ್ಪನೂ ಅದೇ, ಅವನಪ್ಪನೂ ಅದೇ. ನಾನೊಬ್ಬನೇ ನೀರು ಕಂಡರೆ ಹೆದರುವವನಾಗಿ ಹುಟ್ಟಿ, ದಂಡೆ ಬಿಟ್ಟು ದನದ ಹಿಂದೆ ಹೋದವನು. ಅಣ್ಣನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಗುಡಿಸಲು, ಒಂದು ಹರಿಗೋಲು. ಗುಡಿಸಲು ಸೋರುತ್ತಿತ್ತು, ಹರಿಗೋಲು ಸೋರುತ್ತಿರಲಿಲ್ಲ. ಊರ ದೇವಿಯ ಗುಡಿಗೆ ಬರುವ ಮಂದಿಯನ್ನು, ಆಚೆ ದಂಡೆಯ ಸಂತೆಯವರನ್ನು ದಿನವೂ ದಾಟಿಸಿ, ಸಂಜೆ ಅದನ್ನು ಮೇಲಕ್ಕೆಳೆದು, ತೊಗಲಿಗೆ ಎಣ್ಣೆ ಸವರಿ ಮಲಗುತ್ತಿದ್ದ. ನಮ್ಮ ಮನೆಗೆ ಬಂದಾಗ ಒಮ್ಮೆ ನಾನು ಅವನ ಕೈಮೇಲೆ ಟವಲು ಹಾಕಿ ನಮ್ಮ ಬೆರಳಮಾತನ್ನೆಲ್ಲ ತೋರಿಸಿಕೊಟ್ಟಿದ್ದೆ. ಅಣ್ಣ ಎಲ್ಲ ಕಲಿತುಕೊಂಡು ನಕ್ಕ. “ಬಾಯಿ ಗಟ್ಟಿ ಇರೋ ಮಂದಿ ಟವಲ್ದಾಗ ಯಾಕ ಮಾತಾಡ್ತೀರೋ ತಮ್ಮಾ. ಕಳ್ಳತನ ಇರಬೇಕು ಒಳಗ,” ಅಂದ. ಆ ಮಾತು ಅವನಿಗೂ ನನಗೂ ಹೀಗೆ ತಿರುಗಿ ಬರುತ್ತದೆಂದು ಗೊತ್ತಿರಲಿಲ್ಲ.

ಅದು ಯುದ್ಧದ ಕಾಲ. ಸೀಮೆಎಣ್ಣೆ, ಬಟ್ಟೆ, ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. ಮಳೆಗಾಲದ ಮೊದಲಿಗೆ ಘತ್ತರಗಿಯಿಂದ ಸುದ್ದಿ ಬಂತು, ಅಣ್ಣನಿಗೆ ಲಕ್ವಾ ಹೊಡೆದಿದೆ ಅಂತ. ಮಂದಿಯನ್ನು ಈ ದಂಡೆಗೆ ಇಳಿಸಿ, ಹರಿಗೋಲನ್ನು ಅರ್ಧ ಮೇಲಕ್ಕೆ ಎಳೆಯುತ್ತಿದ್ದವನು ಹಾಗೇ ಕುಸಿದನಂತೆ. ನಾನು ಗಾಡಿ ಕಟ್ಟಿಕೊಂಡು ಹೋದೆ. ಬಲಗೈ ಬಲಗಾಲು ಹೋಗಿದ್ದವು, ಬಾಯಿ ಒಂದು ಕಡೆ ಜೋಲಿತ್ತು, ಮಾತು ಪೂರಾ ಬಿದ್ದಿತ್ತು. ಅವನನ್ನು ಎತ್ತಿ ಗಾಡಿಯಲ್ಲಿ ಹಾಸಿದ ಹುಲ್ಲಿನ ಮೇಲೆ ಮಲಗಿಸಿ, ಹಿಂದೆ ತಿರುಗಿಯೂ ನೋಡದೆ ಆಳಂದಕ್ಕೆ ಹೊಡೆದುಕೊಂಡು ಬಂದೆ. ನಮ್ಮೂರಿನ ಹಕೀಮರು ನಾಡಿ ಹಿಡಿದು ನೋಡಿ ಎಣ್ಣೆ ಕೊಟ್ಟರು, ಪಾರಿವಾಳದ ರಸ ಹೇಳಿದರು, ಹೋಗುವಾಗ ಬಾಗಿಲ ಹತ್ತಿರ ನನ್ನ ಭುಜ ಮುಟ್ಟಿ, “ಚಳಿಗಾಲ ಕಾಣೋದು ಕಷ್ಟ ಅದ. ಏನು ಕೇಳ್ತಾರೋ ಕೊಟ್ಟುಬಿಡ್ರಿ,” ಅಂದರು.

ಕೇಳಿದರೆ ತಾನೇ ಕೊಡುವುದು. ಅಣ್ಣ ಕೇಳುತ್ತಲೇ ಇದ್ದ, ನಮಗೆ ತಿಳಿಯುತ್ತಿರಲಿಲ್ಲ. ಎಚ್ಚರವಾದಾಗಿನಿಂದ ಎಡಗೈ ಎತ್ತಿ ಗಾಳಿಯಲ್ಲಿ ದುಂಡಗೆ ಒಂದು ಗೆರೆ ಎಳೆಯುವುದು, ಆಮೇಲೆ ಅಂಗೈಯನ್ನು ಮಗುಚಿ ಹಾಸಿಗೆಯ ಮೇಲೆ ಇಡುವುದು, ನಮ್ಮ ಮುಖ ನೋಡುವುದು. ಮತ್ತೆ ದುಂಡಗೆ ಗೆರೆ, ಮತ್ತೆ ಅಂಗೈ ಮಗುಚುವುದು. ಗಂಟಲಲ್ಲಿ ಹಗ್ಗ ಉಜ್ಜಿದಂಥ ಒಂದು ಸದ್ದು. ಏನಾದರೂ ಹೆಸರಿಟ್ಟು ಕೇಳಿದರೆ ತಲೆ ಎಡಕ್ಕೆ ವಾಲುತ್ತಿತ್ತು. ಅದು ಹೌದು ಅಂದುಕೊಂಡು ಇನ್ನೊಂದು ಹೆಸರಿಟ್ಟರೆ, ಅದಕ್ಕೂ ಎಡಕ್ಕೇ ವಾಲುತ್ತಿತ್ತು. ಲಕ್ವಾ ಅವನಿಗೆ ಒಂದೇ ದಿಕ್ಕು ಉಳಿಸಿತ್ತು.

ನನ್ನ ಹೆಂಡತಿ ನೀಲಮ್ಮ ಮೊದಲು ಪತ್ತೆ ಹಚ್ಚಿದವಳು. “ಅಯ್ಯ, ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ. ದುಂಡಗ ಅಂದ್ರ ರೊಟ್ಟಿ. ಮಗುಚೋದು ಅಂದ್ರ ಹಂಚಿನ ಮ್ಯಾಲ ಮಗುಚಿ ಹಾಕೋದು. ಭಾವನೋರಿಗೆ ಬಿಸಿ ರೊಟ್ಟಿ ತಿನ್ನೋ ಆಸೆ ಆಗ್ಯಾದ.” ಎಷ್ಟು ಸರಿಯಾಗಿ ಕೂತಿತು ಅಂದರೆ, ನನಗೇ ಹೊಟ್ಟೆಕಿಚ್ಚಾಯಿತು. ಅವಳು ಪಟಪಟ ಬಡಿದು, ಬೇಯಿಸಿ, ಹಾಲಿನಲ್ಲಿ ಕಿವುಚಿ ತಂದಳು. ನುಂಗಲು ಬಾರದವನಿಗೆ ಒಂದೊಂದೇ ಬೆರಳಿನಷ್ಟು ಇಟ್ಟಳು. ಅರ್ಧ ಕೊರಳಿಗಿಳಿಯಿತು, ಅರ್ಧ ಗದ್ದದ ಮೇಲೆ ಹರಿಯಿತು. ಒರೆಸಿ ಮುಗಿಸುವುದರೊಳಗೆ ಮತ್ತೆ ದುಂಡಗೆ ಗೆರೆ, ಮತ್ತೆ ಅಂಗೈ. “ಇನ್ನೊಂದು ಬೇಕಂತ,” ಅಂದಳು ನೀಲಮ್ಮ. ಇನ್ನೊಂದು ತಂದಳು. ಪಾಪ, ಅಣ್ಣ ಆ ವಾರವೆಲ್ಲ ಮಾತಿನ ಬದಲು ರೊಟ್ಟಿ ತಿಂದ. ಕೊನೆಗೊಂದು ದಿನ ತಟ್ಟೆಯನ್ನು ಎಡಗೈಯಿಂದ ಬಡಿದು ಕೆಡವಿ, ಗಾಳಿಯಲ್ಲಿ ಹುಟ್ಟು ಹಾಕಿ ತೋರಿಸಿದ. ಹೊಳೆಯವರು ಹುಟ್ಟು ಹಾಕುವ ರೀತಿ ಬೇರೆ ಯಾರಿಗೂ ಬರುವುದಿಲ್ಲ, ಮೊದಲು ತಳ್ಳಿ ಆಮೇಲೆ ತಿರುವುತ್ತಾರೆ. ಹೊಳೆ ಬಿಟ್ಟು ಓಡಿಬಂದ ನನಗೂ ಅದು ಗೊತ್ತಾಯಿತು. “ಹರಿಗೋಲು,” ಅಂದೆ. ಅಣ್ಣನ ಒಂದು ಕಣ್ಣಿನಿಂದ ನೀರು ಬಂತು. ಇನ್ನೊಂದು ಕಣ್ಣು ಅವನ ಹಿಡಿತದಲ್ಲಿರಲಿಲ್ಲ.

ಇಲ್ಲಿಗೆ ಸಮಸ್ಯೆ ಬಗೆಹರಿಯಿತು ಅಂತ ನಾನು ತಿಳಿದೆ. ಸಾಯುವ ಮನುಷ್ಯ ತನ್ನ ಹರಿಗೋಲು ನೋಡಬೇಕು ಅನ್ನುತ್ತಿದ್ದಾನೆ, ಇಷ್ಟೇ. ಅವನನ್ನು ಹೊಳೆಗೆ ಒಯ್ಯುವಂತಿಲ್ಲ, ಗಾಡಿಯ ಕುಲುಕಾಟಕ್ಕೆ ದಾರಿಯಲ್ಲೇ ಮುಗಿದುಹೋದಾನು. ಹರಿಗೋಲನ್ನು ಆಳಂದಕ್ಕೆ ತರಬಹುದಿತ್ತು ಅಂತ ಈಗ ನೀವು ಹೇಳುತ್ತೀರಿ. ನನಗೆ ಆಗ ಹೊಳೆಯಲಿಲ್ಲ. ದನದ ದಲಾಲನಿಗೆ ಮೊದಲು ಹೊಳೆಯುವುದು ಅಗ್ಗದ ದಾರಿ. ಅಣ್ಣನ ಮಂಚ ಗೋಡೆಗೆ ಹತ್ತಿಕೊಂಡಿತ್ತು. ಒಲೆಯಿಂದ ಇದ್ದಲಿ ತಂದು, ಅವನ ಎಡಗೈಗೆ ಎಟಕುವಷ್ಟು ಹತ್ತಿರ, ಸುಣ್ಣದ ಗೋಡೆಯ ಮೇಲೆ ದುಂಡಗೆ ಒಂದು ಹರಿಗೋಲು ಬರೆದು, “ನೋಡಣ್ಣಾ,” ಅಂದೆ. ಅಣ್ಣ ನೋಡಿದ. ಕೈಯೆತ್ತಿ ಅದನ್ನು ಒರೆಸಿದ. ಅಂಗೈ ಮಗುಚಿ ಹಾಸಿಗೆಯ ಮೇಲಿಟ್ಟ.

ಈಗ ನನ್ನ ಬುದ್ಧಿವಂತಿಕೆ ನೋಡಿ. ಅಂಗೈ ಮಗುಚಿದರೆ ಏನು ಅರ್ಥ ಅಂತ ನನಗಿಂತ ಚೆನ್ನಾಗಿ ಬಲ್ಲವರು ಮೂರು ತಾಲೂಕಿನಲ್ಲಿ ಇರಲಿಲ್ಲ. ನಾನೇ ಅವನಿಗೆ ಕಲಿಸಿದ್ದೆ. ‘ಈ ಮಾತು ಆಗಲಿಲ್ಲ, ಬೇರೆ ಹೇಳು.’ ಮಾತು ಹೋದವನು ನನ್ನ ದಂಧೆಯ ಮಾತಿನಲ್ಲಿ ಮಾತಾಡುತ್ತಿದ್ದಾನೆ ಅಂತ ನನಗೆ ಎದೆ ತುಂಬಿ ಬಂತು. ನೀಲಮ್ಮನನ್ನು ಕರೆದು, “ಚಿತ್ರ ಪಸಂದ ಬರವಲ್ದು. ಇನ್ನೂ ಛಲೋದು ಕೇಳಾಕತ್ತಾನ,” ಅಂದೆ. “ರೊಟ್ಟಿ ಹಂಗೇ ಅದ ಅದು. ಯಾರ ಪಸಂದ ಮಾಡ್ತಾರ,” ಅಂದಳು ಅವಳು.

ಸರಿ, ಸೌದಾ ಶುರುವಾಯಿತು. ಕೊಳ್ಳುವವನು ಒಪ್ಪದಿದ್ದರೆ ಮಾಲು ಬದಲಾಯಿಸಬೇಕು, ಇದು ದಂಧೆಯ ಮೊದಲ ಪಾಠ. ಇದ್ದಲಿಯಲ್ಲಿ ಪಕ್ಕದಿಂದ ಬರೆದೆ, ಒಳಗೆ ಹುಟ್ಟು ಇಟ್ಟೆ. ಒರೆಸಿದ, ಅಂಗೈ ಮಗುಚಿದ. ಇದ್ದಲಿ ಕರಿ, ಅಪಶಕುನ ಅಂತಿರಬೇಕು ಅಂದುಕೊಂಡು, ಕುರಿಗಳಿಗೆ ಗುರುತು ಹಾಕುವ ಹುರಮಂಜಿ ಕಲಸಿ ಕೆಂಪಗೆ ಬರೆದೆ. ಒರೆಸಿದ, ಕೈ ಕೆಂಪಾಯಿತು, ಅದನ್ನೇ ಮಗುಚಿ ಹಾಸಿಗೆ ಕೆಂಪು ಮಾಡಿದ. ನೀರು ಬೇಕೇನೋ ಅಂತ, ಬಟ್ಟೆಗೆ ಹಾಕುವ ನೀಲಿಯಲ್ಲಿ ಕೆಳಗೆ ಅಲೆಗಳನ್ನು ಎಳೆದೆ. ನೀಲಮ್ಮ ಬಂದು, “ಹಾವು ಯಾಕ ಬರದೀರಿ,” ಅಂದಳು. ಅಲೆ ಅಂತ ಹೇಳಿದೆ. “ಹಾವಿನ ಮ್ಯಾಲ ರೊಟ್ಟಿ,” ಅಂದಳು. ಒಳಗೆ ಮಂದಿ ಇರಬೇಕೇನೋ ಅಂತ ಅಣ್ಣನನ್ನೂ, ಸತ್ತ ಅತ್ತಿಗೆಯನ್ನೂ ಕೂರಿಸಿ ಬರೆದೆ. ಅದನ್ನು ಮಾತ್ರ ಒರೆಸುವ ಮೊದಲು ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅತ್ತಿಗೆಯನ್ನು ಉಳಿಸಿ, ಹರಿಗೋಲನ್ನೂ ತನ್ನನ್ನೂ ಒರೆಸಿ, ಅಂಗೈ ಮಗುಚಿದ. ಅತ್ತಿಗೆ ನಮ್ಮ ಗೋಡೆಯ ಮೇಲೆ ನೀರಿಲ್ಲದೆ, ಬುಟ್ಟಿಯಿಲ್ಲದೆ, ಸುಮ್ಮನೆ ಗಾಳಿಯಲ್ಲಿ ಕೂತು ಉಳಿದಳು.

ನನ್ನ ಕೈಯಲ್ಲಿ ಆಗದು ಅನಿಸಿದ ಮೇಲೆ ಪರಿಣತರನ್ನು ಕರೆಸಿದೆ. ಊರಲ್ಲಿ ಒಂದು ನಾಟಕದ ಕಂಪನಿ ಬೀಡುಬಿಟ್ಟಿತ್ತು. ಅದರ ಪರದೆ ಬರೆಯುವ ಬಾಬುರಾವ ಅನ್ನುವವನಿಗೆ ಕಂಪನಿಯವರು ಊಟ ಬಿಟ್ಟು ಏನೂ ಕೊಡುತ್ತಿರಲಿಲ್ಲ, ಹಾಗಾಗಿ ಚೌಕಾಸಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಂದವನೇ ಗೋಡೆ ತಟ್ಟಿ ನೋಡಿ, “ನಾವ ಪಾಹಿಜೆ ನಾ? ನಾವ ಅಂದ್ರ ನಮ್ಮ ಹಾತಿನ ಮೈಲ,” ಅಂತ, ನಾವೆ ಬರೆಯುವುದು ತನಗೆ ಕೈಯ ಕೊಳೆಯಷ್ಟು ಹಗುರ ಅನ್ನುವುದನ್ನು ಅರ್ಧ ಮರಾಠಿಯಲ್ಲಿ ಹೇಳಿ ಕೂತ. ಎದ್ದಾಗ ಗೋಡೆಯ ಮೇಲೆ ಹಂಸದ ಕೊರಳಿನ ಒಂದು ನಾವೆ, ಅದರಲ್ಲಿ ಕಿರೀಟದ ರಾಜ, ಮಡಿಲಲ್ಲಿ ವೀಣೆ ಇಟ್ಟುಕೊಂಡ ರಾಣಿ, ಮೇಲೆ ಹುಣ್ಣಿಮೆ ಚಂದ್ರ. “ಹಿಂಗ ಇರಂಗಿಲ್ಲಪ್ಪ ನಮ್ಮ ಹೊಳಿದು, ದುಂಡಗ ಇರ್ತದ,” ಅಂದೆ. ಬಾಬುರಾವ ನನ್ನನ್ನು ಕನಿಕರದಿಂದ ನೋಡಿದ. “ದುಂಡಗ ಇದ್ರ ಮುಂದ ಹ್ಯಾಂಗ ಹೋಗ್ತದ್ರಿ ಸಾವಕಾರ್ರೆ?” ಆಳಂದ ಕರಿಮಣ್ಣಿನ ಬಯಲು, ತೋರಿಸೋಣವೆಂದರೆ ಅಲ್ಲಿ ಹರಿಗೋಲು ಹಾಕುವಂಥ ಹೊಳೆಯಿಲ್ಲ. ಅವನು ತನ್ನ ಜೀವಮಾನದಲ್ಲಿ ಪರದೆಯ ಮೇಲಿನ ನಾವೆ ಬಿಟ್ಟು ಬೇರೆ ನೋಡಿದವನಲ್ಲ. ಅಣ್ಣ ಆ ರಾಜ ರಾಣಿಯನ್ನು ನೋಡಿ ಗಂಟಲಲ್ಲಿ ಒಂದು ಸದ್ದು ಮಾಡಿದ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೊಂದೇ ಸಲ ಅಂತ ನೀಲಮ್ಮ ಇವತ್ತಿಗೂ ಹೇಳುತ್ತಾಳೆ, ನನಗೆ ಅದು ಅಳು ಅನಿಸಿತು. ಹಸಿ ಬಣ್ಣದಲ್ಲಿ ಕೈಯಾಡಿಸಿ ಹಂಸದ ಕೊರಳು ಮುರಿದ. ಅಂಗೈ ಮಗುಚಿದ. ಆದರೆ ಈಗ ಅವನ ಕೈ ಮೊದಲಿನಷ್ಟು ಮೇಲೆ ಏಳುತ್ತಿರಲಿಲ್ಲ. ಬೆನ್ನಿನಲ್ಲಿ ಹುಣ್ಣಾಗಿದ್ದವು. ಹೊರಗೆ ಮಳೆ ಹಿಡಿದುಕೊಂಡಿತ್ತು. ಅವನಿಗೆ ಬೇಕಾದ ಒಂದು ಹರಿಗೋಲನ್ನು ಕಾಲ ಮೀರುವುದರೊಳಗೆ ಕೊಡಲಾಗುತ್ತದೋ ಇಲ್ಲವೋ ಅಂತ ನನಗೆ ನಿದ್ದೆ ಬರದಂತಾಯಿತು.

ಕೊನೆಗೆ ನನಗೆ ಹೊಳೆದದ್ದು, ನೆನಪಿನಿಂದ ಬರೆಯುವುದರಿಂದಲೇ ತಪ್ಪಾಗುತ್ತಿದೆ, ಎದುರಿಗೆ ಏನಾದರೂ ಇಟ್ಟುಕೊಂಡು ಬರೆಯಬೇಕು ಅಂತ. ನೀಲಮ್ಮ ನೆರೆಮನೆಗೆ ಹೋದ ಹೊತ್ತು ನೋಡಿ, ಅವಳ ರೊಟ್ಟಿ ಬುಟ್ಟಿಯನ್ನು ದನ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ತೇಲಿಬಿಟ್ಟೆ. ಎಷ್ಟು ಮುಳುಗುತ್ತದೆ, ಅಂಚು ಎಷ್ಟು ಮೇಲೆ ಕಾಣುತ್ತದೆ, ನೆರಳು ಎಲ್ಲಿ ಬೀಳುತ್ತದೆ ಅಂತ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಬುಟ್ಟಿ ನೀರು ಕುಡಿದು ಮುಳುಗುವುದಕ್ಕೂ ಅವಳು ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. “ಮನ್ಯಾಗ ಒಬ್ಬರಿಗೆ ಲಕ್ವಾ ಹೊಡದದ. ನಿಮಗ ತಲಿಗೇ ಹೊಡದದ,” ಅಂದಳು. ಬುಟ್ಟಿಯನ್ನು ಎತ್ತಿ, ತೊಳೆದು, ಕೊಡವಿ, ಅಂಗಳದಲ್ಲಿ ಬಿಸಿಲು ಬಿದ್ದಿದ್ದ ಒಂದಿಷ್ಟು ಜಾಗದಲ್ಲಿ ಬೋರಲು ಹಾಕಿದಳು. ಒದ್ದೆ ಬುಟ್ಟಿಯನ್ನು ಯಾರಾದರೂ ಹಾಗೇ ಒಣಹಾಕುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ.

ಒಳಗಿನಿಂದ ಸದ್ದು ಬಂತು. ಹಗ್ಗ ಉಜ್ಜಿದಂಥ ಆ ಸದ್ದೇ, ಆದರೆ ದೊಡ್ಡದಾಗಿ, ಬಿಡದೆ. ಓಡಿಹೋಗಿ ನೋಡಿದರೆ ಅಣ್ಣ ಮಂಚದ ಅಂಚಿಗೆ ಬಂದುಬಿಟ್ಟಿದ್ದ. ತೆರೆದ ಬಾಗಿಲಿನಾಚೆ ಅಂಗಳದ ಬುಟ್ಟಿಗೆ ಬೊಟ್ಟು ಮಾಡುತ್ತಿದ್ದ. ಬೊಟ್ಟು ಮಾಡುವುದು, ಅಂಗೈ ಮಗುಚುವುದು. ಬುಟ್ಟಿ, ಅಂಗೈ. ಬುಟ್ಟಿ, ಅಂಗೈ.

ನಾನು ಇದ್ದಲಿ ತೆಗೆದುಕೊಂಡು ಗೋಡೆಯ ಮೇಲೆ ಹರಿಗೋಲನ್ನು ಬೋರಲಾಗಿ ಬರೆದೆ. ಗೆರೆ ನೆಟ್ಟಗಿರಲಿಲ್ಲ. ಗೋರಿಯ ಹಾಗೆ ಕಾಣುತ್ತಿತ್ತು. ಅಣ್ಣ ಅದನ್ನು ಒರೆಸಲಿಲ್ಲ. ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನೆಮ್ಮದಿಯ ಉಸಿರು ಬಿಟ್ಟ.

ಹೊಳೆಯ ದಂಡೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ಮಾತು ಅದು. ತೊಗಲಿನ ಹರಿಗೋಲನ್ನು ಕೆಲಸ ಮುಗಿದ ಮೇಲೆ ಬೋರಲು ಹಾಕಿ ಒಣಗಿಸಬೇಕು. ಅಂಗಾತ ಬಿಟ್ಟರೆ ಮಳೆನೀರು ತುಂಬಿ ತೊಗಲು ಕೊಳೆತುಹೋಗುತ್ತದೆ. ಕುಸಿದು ಬಿದ್ದ ದಿನ ಅಣ್ಣ ಅರ್ಧ ಎಳೆದು ಬಿಟ್ಟಿದ್ದನಲ್ಲ, ಅದನ್ನು ಬೋರಲು ಹಾಕಿಸು ಅಂತ ಅವನು ಮೊದಲ ದಿನದಿಂದ ಹೇಳುತ್ತಿದ್ದಾನೆ. ನಾನು ಅದನ್ನು ದನದ ಸಂತೆಯ ಕಿವಿಯಿಂದ ಕೇಳಿಸಿಕೊಂಡು ‘ಇನ್ನೂ ಛಲೋ ಮಾಲು ತೋರಿಸು’ ಅಂತ ಅರ್ಥ ಮಾಡಿಕೊಂಡು, ಅವನ ಹರಿಗೋಲು ಮಳೆಯಲ್ಲಿ ತೊಯ್ಯುತ್ತಿದ್ದಾಗ ಗೋಡೆಯ ಮೇಲೆ ಹರಿಗೋಲು ಬರೆಯುತ್ತಾ ಕೂತಿದ್ದೆ. ನಿಮಗೊಂದು ಸಲಹೆ: ನಿಮ್ಮ ದಂಧೆಯ ವಿದ್ಯೆಯನ್ನು ಮನೆಯೊಳಗೆ ತರುವ ಮೊದಲು ಹೊಸ್ತಿಲಲ್ಲಿ ಕಾಲು ತೊಳೆದುಕೊಳ್ಳಿ.

ಆವತ್ತೇ ಗಾಡಿ ಹೂಡಿದೆ. ಅಫಜಲಪುರದ ದಾರಿಯಲ್ಲಿ ಕರಿಮಣ್ಣು ಗಾಲಿ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಘತ್ತರಗಿ ಮುಟ್ಟಿ ದಂಡೆಗಿಳಿದರೆ ಅಣ್ಣನ ಜೋಡಿ ಹರಿಗೋಲು ಹಾಕುತ್ತಿದ್ದ ಲಚ್ಚಪ್ಪ ಬೀಡಿ ಸೇದುತ್ತಾ ಕೂತಿದ್ದ. ಅವನ ಹರಿಗೋಲು ಬೋರಲಾಗಿ ಒಣಗಿ ಬೆಚ್ಚಗಿತ್ತು. ಅವನ ಪಕ್ಕದವನದೂ ಬೋರಲಾಗಿತ್ತು. ಅಣ್ಣನದೊಂದೇ ಬಿದ್ದಲ್ಲೇ ಅಂಗಾತ ಬಿದ್ದಿತ್ತು. ಅಂಚಿನ ತನಕ ನೀರು, ಮೇಲೆ ಪಾಚಿ. ವಾಸನೆ ದೂರದಿಂದಲೇ ಬರುತ್ತಿತ್ತು. ಒಂದು ಕಡೆಯ ತೊಗಲನ್ನು ನಾಯಿಗಳು ಎಳೆದಿದ್ದವು.

“ಲಚ್ಚಪ್ಪಣ್ಣ, ಇದೇನ ಮಾಡೀರೋ,” ಅಂದೆ. “ಮಗ್ಗಲದಾಗ ಕುಂತು ನೋಡಾಕತ್ತೀರಿ. ಕೈ ಹಾಕಿ ಒಂದೀಟ ಬೋರಲ ಹಾಕಬಾರದೇನು?”

ಲಚ್ಚಪ್ಪ ಬೀಡಿ ಆರಿಸಿದ. ನನ್ನನ್ನು ಹೊರಗಿನವನನ್ನು ನೋಡುವ ಹಾಗೆ ನೋಡಿದ. “ನೀ ಈ ದಂಡ್ಯಾಗ ಹುಟ್ಟಿದಾಂವೇನೋ ತಮ್ಮಾ? ಒಬ್ಬನ ಹರಿಗೋಲ ಇನ್ನೊಬ್ಬ ಬೋರಲ ಹಾಕೋದು ಯಾವಾಗ? ಅಂವ ಸತ್ತಾಗ. ನಿಮ್ಮಪ್ಪಂದು ಯಾರು ಹಾಕಿದ್ರು, ನಾವ ಹಾಕಿದ್ವಿ. ಸಿದರಾಮ ಬದಕ್ಯಾನ. ಅಂವ ಇದ್ದಾಗ ನಾವ ಹ್ಯಾಂಗ ಮುಟ್ಟೋದು? ಅಂವ ತನ್ನ ಬಾಯಿಲೆ ಹಾಕ್ರಿ ಅಂತ ಒಂದ ಮಾತ ಹೇಳಿ ಕಳಿಸ್ಲಿ ಅಂತ ಮಂದಿ ಎಲ್ಲ ಹಾದಿ ಕಾಯಾಕತ್ತೀವಿ.”

“ಅವಗ ಬಾಯಿ ಬಿದ್ದದಲ್ಲೋ.”

“ಮಾತ ಬರತಾವ, ಹಕೀಮರ ದವಾ ನಡದದ ಅಂತ ತಿಳಕೊಂಡಿದ್ವಿ,” ಅಂದ ಲಚ್ಚಪ್ಪ. ಆಮೇಲೆ ಕಣ್ಣು ಒರೆಸಿಕೊಂಡ. ಅವನ ಕಣ್ಣಿಗೆ ಬೀಡಿಯ ಹೊಗೆ ಹೋಗಿತ್ತು ಅಂತ ಕಾಣುತ್ತದೆ, ಬೀಡಿ ಆರಿದ್ದರೂ.

ಗೊತ್ತಿದ್ದ ರಿವಾಜೇ ಅದು. ಅಪ್ಪ ಸತ್ತಾಗ ದಂಡೆಯವರೆಲ್ಲ ಸೇರಿ ಅವನ ಹರಿಗೋಲು ಬೋರಲು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ದನದ ಬೆಲೆಗಳನ್ನೆಲ್ಲ ನೆನಪಿಟ್ಟ ತಲೆಯಲ್ಲಿ ಇದಕ್ಕೆ ಜಾಗ ಉಳಿದಿರಲಿಲ್ಲ. ಹೀಗೆ ಒಬ್ಬ ಬಾಯಿಲ್ಲದೆ ಹೇಳುತ್ತಾ, ಒಬ್ಬ ತಿಳಿಯದೆ ಚಿತ್ರ ಬರೆಯುತ್ತಾ, ಉಳಿದವರು ಅವನು ಬದುಕಲಿ ಅಂತ ಕೈ ಕಟ್ಟಿಕೊಂಡು ಕೂತು, ಎಲ್ಲ ಸೇರಿ ಒಂದು ಒಳ್ಳೆಯ ಹರಿಗೋಲನ್ನು ಕೊಳೆಸಿದೆವು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಅದೇ ಬೇಸರದ ಮಾತು. ವೈರಿಯಾದರೂ ಒಬ್ಬ ಇದ್ದಿದ್ದರೆ ಮಗುಚಿ ಹಾಕಿ ಹೋಗುತ್ತಿದ್ದ.

“ಈಗರ ಹಾಕೋಣ ಬಾ,” ಅಂದೆ. “ಅವನ ತಮ್ಮ ನಾ ಹೇಳಾಕತ್ತೇನಿ, ಅವನ ಮಾತು ತಂದೇನಿ.” ಲಚ್ಚಪ್ಪ ಅಂಚು ಹಿಡಿದು ಸ್ವಲ್ಪ ಎತ್ತಿ ನೋಡಿದ. ತೊಗಲು ಹಸಿ ಹಿಟ್ಟಿನ ಹಾಗೆ ಅವನ ಬೆರಳ ಸಂದಿಯಲ್ಲಿ ಬಂತು. ಮೆತ್ತಗೆ ಕೆಳಗಿಟ್ಟ. “ಎತ್ತಿದ್ರ ಬುಡಾನೇ ಕಿತ್ತ ಬರ್ತದ. ಇರ್ಲಿ ಬಿಡು. ಅಂವ ಇರೋತನ ಹಿಂಗರ ಇರ್ಲಿ.”

ತಿರುಗಿ ಬರುವಾಗ ಗಾಡಿಯಲ್ಲಿ ಕೂತು ಏನು ಹೇಳುವುದು ಅಂತ ಯೋಚಿಸಲಿಲ್ಲ. ಯೋಚಿಸುವ ಅಗತ್ಯ ನನ್ನಂಥವನಿಗೆ ಬೀಳುವುದಿಲ್ಲ. ಮನೆಗೆ ಬಂದು ಒದ್ದೆ ಟವಲು ಹಿಂಡುತ್ತಲೇ, “ಬೋರಲ ಹಾಕಿಸಿ ಬಂದೆ ಅಣ್ಣಾ. ತೊಗಲ ಗಟ್ಟಿ ಅದ. ಲಚ್ಚಪ್ಪಣ್ಣ ಎಣ್ಣಿ ಸವರ್ಯಾನ,” ಅಂದೆ. ಅಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದ. ದಲಾಲನ ಬಾಯಿ ಅವನಿಗೆ ಗೊತ್ತಿತ್ತು. ಕೈಯೆತ್ತಿ ಗೋಡೆ ತೋರಿಸಿದ. ಬರೆದು ತೋರಿಸು ಅಂತ.

ಬರೆದೆ. ಇಷ್ಟು ದಿನ ಕಲಿತದ್ದೆಲ್ಲ ಹಾಕಿ ಬರೆದೆ. ಬೋರಲಾದ ಹರಿಗೋಲು ನಿಜವಾಗಿ ಬರೆಯಲು ಸುಲಭ, ಒಂದು ದಿಬ್ಬ ಎಳೆದರೆ ಮುಗಿಯಿತು. ಕೆಳಗೆ ಹುರಮಂಜಿಯಲ್ಲಿ ದಂಡೆಯ ಮಣ್ಣು, ಪಕ್ಕದಲ್ಲಿ ಎರಡು ಕಲ್ಲು, ಹಿಂದೆ ನೀಲಿಯಲ್ಲಿ ಹೊಳೆ. ಮೇಲೆ ಮೋಡವಿಲ್ಲದ ಬಿಸಿಲು. ತೊಗಲಿಗೆ ಇದ್ದಲಿಯ ಕರಿ ಸಾಲದು ಅನಿಸಿತು, ಒಣಗಿದ ತೊಗಲು ಎಣ್ಣೆ ಕುಡಿದು ಹೊಳೆಯಬೇಕಲ್ಲ. ಸೊಲ್ಲಾಪುರದಿಂದ ತರಿಸಿದ ವಾರ್ನಿಶಿನ ಡಬ್ಬಿ ತೆಗೆದೆ. ಯುದ್ಧದ ದಿನಗಳಲ್ಲಿ ಬಂಗಾರದಂತೆ ಕಾಪಾಡಿಟ್ಟದ್ದನ್ನು ಕೈಬಿಚ್ಚಿ ಬಳಿದೆ. ಕಿಟಕಿಯ ಬೆಳಕಿಗೆ ಹರಿಗೋಲು ಥಳಥಳ ಹೊಳೆಯಿತು. ನೀಲಮ್ಮ ಬಾಗಿಲಲ್ಲಿ ನಿಂತು ನೋಡಿ, ಮೊದಲ ಸಲ ಅದನ್ನು ರೊಟ್ಟಿ ಅನ್ನದೆ ಒಳಗೆ ಹೋದಳು.

ಅಣ್ಣ ಬಹಳ ಹೊತ್ತು ನೋಡಿದ. ಒರೆಸಲು ಕೈಯೆತ್ತುತ್ತಾನೋ ಅಂತ ನಾನು ಕಾದೆ. ಎತ್ತಲಿಲ್ಲ. ಅಂಗೈ ಮಗುಚಲೂ ಇಲ್ಲ. ನನ್ನ ಹೆಗಲ ಮೇಲಿನ ಟವಲಿಗೆ ಬೊಟ್ಟು ಮಾಡಿದ. ತೆಗೆದು ಕೊಟ್ಟೆ. ಎಡಗೈಯಿಂದಲೇ ಅದನ್ನು ನನ್ನ ಕೈಮೇಲೆ ಹೊದಿಸಿ, ತನ್ನ ಕೈಯನ್ನು ಒಳಗೆ ತೂರಿಸಿದ. ನಾನು ಬೆರಳಿಗಾಗಿ ಕಾಯುತ್ತಿದ್ದೆ. ಅವನು ಬೆರಳು ಹಿಡಿಯಲಿಲ್ಲ. ಇಡೀ ಕೈಯನ್ನು ನನ್ನ ಕೈಯೊಳಗೆ ಕೊಟ್ಟುಬಿಟ್ಟ. ಅವನ ಬಾಯಿಯ ಗಟ್ಟಿಯಿದ್ದ ಕಡೆ ಒಂದಿಷ್ಟು ಮೇಲೆದ್ದಿತು.

ಮಳೆ ಹಿಂದೆಗೆಯುವ ಹೊತ್ತಿಗೆ ಅಣ್ಣ ತೀರಿಕೊಂಡ. ಘತ್ತರಗಿಗೆ ಸುದ್ದಿ ಹೋಯಿತು. ಲಚ್ಚಪ್ಪ ಮತ್ತು ದಂಡೆಯವರು ಸೇರಿ ರಿವಾಜಿನ ಪ್ರಕಾರ ಹರಿಗೋಲು ಬೋರಲು ಹಾಕಿದರಂತೆ. ಅವನು ಹೇಳಿದ ಹಾಗೇ ಬುಡ ಕಿತ್ತು ಬಂತಂತೆ. ಬಿದಿರಿನ ಅಂಚಷ್ಟೇ ಅವರ ಕೈಯಲ್ಲಿ ಉಳಿಯಿತು, ದುಂಡಗೆ.

ಗೋಡೆಯ ಮೇಲಿನದು ಇನ್ನೂ ಇದೆ. ಸುಣ್ಣ ಬಳಿಯುವಾಗ ನೀಲಮ್ಮ ಅದನ್ನೂ, ಗಾಳಿಯಲ್ಲಿ ಕೂತ ಅತ್ತಿಗೆಯನ್ನೂ ಬಿಟ್ಟು ಬಳಿಸುತ್ತಾಳೆ. ಬಂದ ಗಿರಾಕಿಗಳು ಅದೇನು ಗುಡ್ಡವೇ, ಆಮೆಯೇ ಅಂತ ಕೇಳುತ್ತಾರೆ. ನಾನು ಮಾರಿದ ಕೊನೆಯ ಒಳ್ಳೆ ಮಾಲು ಅಂತ ಹೇಳುತ್ತೇನೆ. ನಮ್ಮ ದಂಧೆಯಲ್ಲಿ ಚೌಕಾಸಿ ಮಾಡದೆ ಒಮ್ಮೆಗೇ ಇಡೀ ಕೈ ಕೊಡುವವರು ಎರಡೇ ಬಗೆ, ಮಾಲಿನ ಬಗ್ಗೆ ಏನೂ ತಿಳಿಯದವರು, ಇಲ್ಲವೇ ಎಲ್ಲ ತಿಳಿದೂ ಮಾರುವವನ ಮುಖ ಉಳಿಸುವವರು. ಹರಿಗೋಲಿನ ಬಗ್ಗೆ ನಮ್ಮಣ್ಣನಿಗೆ ತಿಳಿಯದ್ದು ಏನೂ ಇರಲಿಲ್ಲ. ಎಣ್ಣೆ ಕುಡಿದ ತೊಗಲು ಹೇಗೆ ಹೊಳೆಯುತ್ತದೆ, ಕೋಡಿನ ವಾರ್ನಿಶು ಹೇಗೆ ಹೊಳೆಯುತ್ತದೆ ಅಂತ ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಆಮೇಲೂ ದಂಧೆ ಮಾಡಿದೆ, ಹೊಟ್ಟೆ ಕೇಳಬೇಕಲ್ಲ. ಆದರೆ ಟವಲಿನ ಒಳಗೆ ಯಾರಾದರೂ ಮರುಮಾತಿಲ್ಲದೆ ಇಡೀ ಕೈ ಕೊಟ್ಟರೆ ನನಗೆ ಈಗಲೂ ಅಣ್ಣನ ಕೈ ನೆನಪಾಗುತ್ತದೆ. ಕೈ ಬಿಡಿಸಿಕೊಂಡು, ಎತ್ತಿನ ಹತ್ತಿರ ಹೋಗಿ, ಅದೇ ಟವಲಿನಿಂದ ಕೋಡಿನ ವಾರ್ನಿಶನ್ನು ಉಜ್ಜಿ ಉಜ್ಜಿ ತೆಗೆದು, “ಸರಿಯಾಗಿ ನೋಡ್ರಿ,” ಅನ್ನುತ್ತೇನೆ. ಇದರಿಂದ ಎಷ್ಟೋ ಸೌದಾ ಮುರಿದುಹೋಗಿವೆ. ನೀವು ಈ ದಂಧೆಗೆ ಇಳಿದರೆ ಹಾಗೆ ಮಾಡಬೇಡಿ, ಇದೂ ನನ್ನದೊಂದು ಸಲಹೆ.